ಥೆರಪಿ ಅಂದ್ರೆ ಒಳಗೆ ಏನು ಮಾಡ್ತಾರೆ?

ಗದಗಿನ ಅಕ್ಕ:
ನನ್ನ ತಮ್ಮನಿಗೆ 2 ತಿಂಗಳಿಂದ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿ ಇದೆ. ಡಾಕ್ಟರು ಥೆರಪಿಗೆ ಹೋಗಿ ಅಂದರು. "ಮಾತಾಡಾಕ ರೊಕ್ಕ ಯಾಕ ಕೊಡಬೇಕು, ನಾವಿಲ್ಲೇನು?" ಅಂತಾಳೆ ಅವ್ವ. ನನಗೂ ಉತ್ತರ ಗೊತ್ತಿಲ್ಲ. ಹೋಗಿ ಬಂದವರು ಯಾರಾದರೂ ಹೇಳ್ತೀರಾ?

ಉಣಕಲ್‌ನವ:
ಅಕ್ಕಾರೆ, ನನಗೂ ಇದೇ ಆಗಿತ್ತು. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಕೆಲಸಕ್ಕೆ ಹೋಗುವಾಗ ಒಂದು ದಿನ ಉಸಿರೇ ಸಿಗಲಿಲ್ಲ. ಸತ್ತೇ ಹೋಗ್ತೀನಿ ಅನಿಸಿ ನವನಗರದಲ್ಲಿ ಇಳಿದುಬಿಟ್ಟೆ. ಇಳಿದ ಕೂಡಲೇ ಹಗುರಾಯ್ತು. ಆಮೇಲೆ 4 ತಿಂಗಳು ಬಸ್ಸೇ ಹತ್ತಲಿಲ್ಲ.

ಹಾಗೆ ಇಳಿದದ್ದೇ ಭಯಕ್ಕೆ ಗೊಬ್ಬರ ಆಗಿತ್ತು. "ಇಳಿದಿದ್ದಕ್ಕೇ ಬದುಕಿದೆ" ಅಂತ ಮನಸ್ಸು ಕಲಿತುಬಿಟ್ಟಿತ್ತು. ಇದು ತಿಳಿದದ್ದು ಥೆರಪಿಯಲ್ಲಿ. ಮೇಡಂ ಸಮಾಧಾನ ಹೇಳಲಿಲ್ಲ, ಅದನ್ನು ಮನೆಯವರು ಬೇಕಾದಷ್ಟು ಹೇಳಿದ್ದರು. ಅವರು ವಹಿ ಬರೆಸಿದರು. ಎಲ್ಲಿ ಶುರುವಾಯಿತು, ಆಗ ಏನು ಯೋಚನೆ ಬಂತು, ಎಷ್ಟು ಹೊತ್ತಿಗೆ ಕಡಿಮೆಯಾಯಿತು, ಎಲ್ಲ. ಮೊದಲ ವಾರ ಉಣಕಲ್ ಕೆರೆ ನಿಲ್ದಾಣದಲ್ಲಿ ಸುಮ್ನೆ ಕೂತು ಬರುವುದು, ಅಷ್ಟೇ. ಆಮೇಲೆ ಒಂದು ನಿಲ್ದಾಣ. ಆಮೇಲೆ ನವನಗರ. ಎದೆ ಹೊಡೆದುಕೊಂಡರೂ ನಡುವೆ ಇಳಿಯಬಾರದು. ಕೂತಲ್ಲೇ ಕೂತರೆ ಹೆದರಿಕೆ ತಾನಾಗಿಯೇ ತಗ್ಗುತ್ತದೆ. ಅದನ್ನು ನನ್ನ ಮೈಯಲ್ಲೇ ಕಂಡೆ. ವಾರಕ್ಕೊಮ್ಮೆ, ಮುಕ್ಕಾಲು ಗಂಟೆ, ಒಟ್ಟು 11 ಸಲ ಹೋದೆ. ಧಾರವಾಡದ ಜುಬಿಲಿ ಸರ್ಕಲ್ ಮುಟ್ಟಿದ ದಿನ ಕಣ್ಣಲ್ಲಿ ನೀರು ಬಂತು. ಈ ಥರದ ಥೆರಪಿಗೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂತಾರೆ.

ಹಾವೇರಿಯವಳು:
ನನ್ನದು ಬೇರೆ. ಅಪ್ಪ ತೀರಿಕೊಂಡ ಮೇಲೆ ಹೋದೆ. ಮೊದಲು ಸಿಕ್ಕವರು ಬರೀ ಬುದ್ಧಿ ಹೇಳಿದರು, ಬಿಟ್ಟೆ. ಎರಡನೆಯವರು ಕೇಳಿಸಿಕೊಂಡರು. ಮನೆಯಲ್ಲಿ ನಾನು ಅತ್ತರೆ ಅವ್ವನೂ ಅಳ್ತಾಳೆ ಅಂತ ನುಂಗಿಕೊಳ್ಳುತ್ತಿದ್ದೆ. ಹೊರಗಿನವರ ಮುಂದೆ ಹಾಗೆ ನುಂಗಬೇಕಿರಲಿಲ್ಲ. ನಿಮ್ಮ ಅವ್ವನಿಗೆ ನನ್ನ ಉತ್ತರ ಇದೇ ಅಕ್ಕಾ. ಒಬ್ಬರು ಒಗ್ಗದಿದ್ದರೆ ಬೇರೆಯವರನ್ನು ನೋಡಿ.

ಧಾರವಾಡದಿಂದ:
ಖರ್ಚಿನ ಚಿಂತೆ ಇದ್ದರೆ ಇಲ್ಲಿನ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಬನ್ನಿ, ಸರ್ಕಾರದ್ದು. ಮೊದಲು ಫೋನಿನಲ್ಲೇ ಮಾತಾಡಬೇಕಾ? ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಗುಳಿಗೆ ಬರೆಯುವವರು ಮನೋವೈದ್ಯರು. ಥೆರಪಿ ಮಾಡುವವರು ಜಾಸ್ತಿ ಮನಶ್ಶಾಸ್ತ್ರಜ್ಞರು. ಕೆಲವರಿಗೆ ಎರಡೂ ಬೇಕಾಗುತ್ತದೆ.

ಗದಗಿನ ಅಕ್ಕ:
ಉಣಕಲ್ ಅಣ್ಣಾರು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ. "ನಾನೂ ಸಂತೆಯಿಂದ ಹಂಗೇ ಓಡಿ ಬಂದಿದ್ದೆ" ಅಂದ. ಇಷ್ಟು ದಿನ ಹೇಳಿರಲೇ ಇಲ್ಲ. ಅವ್ವನೂ ಪಕ್ಕದಲ್ಲೇ ಕೂತು ಕೇಳಿದಳು. ಸೋಮವಾರ ಮೂವರೂ ಧಾರವಾಡಕ್ಕೆ ಹೊರಟಿದ್ದೇವೆ.