ಅಮ್ಮನ ಹಲ್ಲು ಕ್ಲೀನಿಂಗ್: ಮುಚ್ಚಿದ ರೂಮಿನ ಕ್ಲಿನಿಕ್ ಪರವಾಗಿಲ್ವಾ?

ಪ್ರಶ್ನೆ: ಅಮ್ಮನಿಗೆ 68 ವರ್ಷ, ಆಸ್ತಮಾ ಇದೆ. ನಮ್ಮ ಬೀದಿಯ ಕ್ಲಿನಿಕ್‌ನಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿರುತ್ತಾರೆ. ಒಬ್ಬರು ಎದ್ದ ಕೂಡಲೇ ಇನ್ನೊಬ್ಬರು. ಸುಮ್ನೆ ಹೆದರುತ್ತಿದ್ದೇನಾ?

ಉತ್ತರ: ಇಲ್ಲ, ನಿಮ್ಮ ಭಯದಲ್ಲಿ ಅರ್ಥ ಇದೆ. ನಾನು ಡೆಂಟಲ್ ಅಸಿಸ್ಟೆಂಟ್. ಹಲ್ಲಿನ ಪಾಚಿ ತೆಗೆಯುವ ಯಂತ್ರ, ಅಂದರೆ ಸ್ಕೇಲರ್, ಆನ್ ಆದರೆ ನೀರು, ಎಂಜಲು ಮಂಜಿನ ಹಾಗೆ ಏಳುತ್ತದೆ. ಸಂಜೆ ನೋಡಿದರೆ ನನ್ನ ಫೇಸ್ ಶೀಲ್ಡ್ ತುಂಬಾ ಚುಕ್ಕೆ. ತೀರಾ ಸಣ್ಣ ಹನಿಗಳು ಗಾಳಿಯಲ್ಲೇ ತೇಲುತ್ತಿರುತ್ತವೆ. ಮಾಮೂಲಿ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಅಷ್ಟೆ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿ. ಬಾಯಿಂದ ಏಳುವ ಹನಿಗಳನ್ನು ಎಳೆದುಕೊಳ್ಳುವ ದಪ್ಪ ಸಕ್ಷನ್ ಪೈಪ್ ಹಿಡಿಯಲು ಒಬ್ಬರು ಇರ್ತಾರಾ ಅಂತಲೂ ವಿಚಾರಿಸಿ. ತುಟಿಗೆ ಸಿಕ್ಕಿಸುವ ಸಣ್ಣ ಪೈಪ್ ಸಾಲದು.

ಇನ್ನೊಬ್ಬರು: ಕಾಯುವಾಗ ಎನ್95 ಹಾಕಿಸಿ. ಇನ್‌ಹೇಲರ್ ಮರೀಬೇಡಿ.

ಪ್ರಶ್ನೆ ಕೇಳಿದವರು: ಫೋನ್ ಮಾಡಿದೆ. ಒಂಬತ್ತೂವರೆಗೆ ಮೊದಲ ಸರದಿ ಸಿಕ್ಕಿತು. “ಕಿಟಕಿ ತೆಗೀತೀವಿ, ಸೆಕೆ ಅಂತ ಬೈಬೇಡಿ” ಅಂದರು!