ಸಕ್ಕರೆ ಕಡಿಮೆ ಮಾಡಿದರೆ ಗ್ರಾನೋಲಾ ಗರಿಗರಿಯಾಗುವುದೇ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ಅಂಗಡಿಯಿಂದ ತಂದ ಗ್ರಾನೋಲಾ (ಓಟ್ಸ್, ಬೀಜಗಳಿಗೆ ಸಿಹಿ ಕಲಸಿ ಗರಿಗರಿಯಾಗಿ ಬೇಯಿಸಿದ ತಿಂಡಿ) ಪೊಟ್ಟಣದ ಹಿಂಬದಿಯಲ್ಲಿ ಓಟ್ಸ್ ಆದ ಕೂಡಲೇ ಸಕ್ಕರೆಯ ಹೆಸರಿರುವುದನ್ನು ಓದಿದ ದಿನದಿಂದ, ಅದನ್ನು ಮನೆಯಲ್ಲೇ ಮಾಡಬೇಕೆಂದು ಹಟ ಹಿಡಿದಿದ್ದೇನೆ. ಮನೆಯಲ್ಲಿ ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿದೆ. ಮಗಳಿಗೆ ಬೆಳಿಗ್ಗೆ ಹಾಲಿನ ಜೊತೆ ಗರಿಗರಿಯಾದದ್ದೇ ಆಗಬೇಕು. ಇಬ್ಬರಿಗೂ ಒಂದೇ ಡಬ್ಬಿ ಸಾಕಾಗುವಂತೆ ಮಾಡಲು ಹೋಗಿ ಈವರೆಗೆ ಮೂರು ಸಲ ಕೆಡಿಸಿದ್ದೇನೆ.

ಮೊದಲ ಸಲ ಸಕ್ಕರೆಯ ಬದಲಿಗೆ ಸ್ಟೀವಿಯಾ ಎಂಬ ಗಿಡದ ಎಲೆಯಿಂದ ತೆಗೆದ ಸಿಹಿ ಪುಡಿ ಹಾಕಿದೆ. ಓಟ್ಸ್ ಬೆಳ್ಳಗೆ, ಬಿಡಿಬಿಡಿಯಾಗಿ ಹೊಟ್ಟಿನಂತೆ ಉಳಿಯಿತಲ್ಲದೆ, ತಿಂದ ಮೇಲೆ ಬಾಯಲ್ಲಿ ಕಹಿ ನಿಂತಿತು. ಎರಡನೆಯ ಸಲ ಖರ್ಜೂರವನ್ನು ನೆನೆಸಿ ರುಬ್ಬಿ ಕಲಸಿದೆ. ಟ್ರೇಯ ಅಂಚಿನಲ್ಲಿ ಸೀದುಹೋಯಿತು, ನಡುವೆ ಮೆತ್ತಗೇ ಇತ್ತು. ಮೂರನೆಯ ಸಲ ಬೆಲ್ಲದ ಪುಡಿಯನ್ನು ಹಾಗೆಯೇ ಉದುರಿಸಿದ್ದರಿಂದ ಅದು ಸರಿಯಾಗಿ ಕರಗದೆ ಅಲ್ಲಲ್ಲಿ ಕಪ್ಪು ಚುಕ್ಕೆಯಾಯಿತು. ನನ್ನದು ಚಿಕ್ಕ ಓಟಿಜಿ (ಕರೆಂಟಿನ ಓವನ್), 180 ಡಿಗ್ರಿಯಲ್ಲಿ ಇಟ್ಟಿದ್ದೆ. ಯಾವ ಸಿಹಿಯನ್ನು ಎಷ್ಟು ಹಾಕಿದರೆ ಸರಿಹೋದೀತು, ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ (ಮೂಡಿಗೆರೆಯಿಂದ)

ಅಕ್ಕಾ, ನೀವು ಕೆಡಿಸಿದ ಮೂರು ಟ್ರೇಗಳಿಗೂ ಕಾರಣ ಹೆಚ್ಚುಕಡಿಮೆ ಒಂದೇ. ಗ್ರಾನೋಲಾದಲ್ಲಿ ಸಕ್ಕರೆಯ ಕೆಲಸ ಬರೀ ಸಿಹಿ ಕೊಡುವುದಲ್ಲ. ಅದು ಕರಗಿ ಪಾಕವಾಗಿ ಓಟ್ಸ್‌ಗೆ ಮೆತ್ತಿಕೊಳ್ಳಬೇಕು, ಶಾಖಕ್ಕೆ ಕೆಂಪಗಾಗಬೇಕು, ಆರಿದ ಮೇಲೆ ಗಾಜಿನಂತೆ ಗಟ್ಟಿಯಾಗಬೇಕು. ಸ್ಟೀವಿಯಾ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿಯಾಗಿರುವುದರಿಂದ ಚಿಟಿಕೆಯಷ್ಟೇ ಸಾಕಾಗುತ್ತದೆ. ಆ ಚಿಟಿಕೆಯಿಂದ ಪಾಕ ಎಲ್ಲಿಂದ ಬರಬೇಕು? ಖರ್ಜೂರದ ಮುದ್ದೆಯಲ್ಲಿ ನೀರು ಹೆಚ್ಚು, ಆದ್ದರಿಂದ ಒಳಗೆ ಒಣಗುವ ಮೊದಲೇ ಅಂಚು ಸೀಯುತ್ತದೆ.

ನಮ್ಮ ಕಡೆ ದೋಸೆಗೆ ನೆಂಚಿಕೊಳ್ಳುವ ಜೋನಿ ಬೆಲ್ಲವೇ ಇದಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಅದು ಮೊದಲೇ ಪಾಕವಾಗಿದೆ. ಮೂರು ಕಪ್ ರೋಲ್ಡ್ ಓಟ್ಸ್ (ಇನ್‌ಸ್ಟಂಟ್ ಬೇಡ, ಅದು ಪುಡಿಯಾಗುತ್ತದೆ), ಒಂದು ಕಪ್ ಬಾದಾಮಿ ಚೂರು ಮತ್ತು ಕುಂಬಳಬೀಜ, ಕಾಲು ಕಪ್ ಜೋನಿ ಬೆಲ್ಲ, ಮೂರು ದೊಡ್ಡ ಚಮಚ ಎಣ್ಣೆ, ಕಾಲು ಚಿಕ್ಕ ಚಮಚ ಉಪ್ಪು, ಎರಡು ಏಲಕ್ಕಿ. ಬೆಲ್ಲ, ಎಣ್ಣೆ, ಉಪ್ಪನ್ನು ಸಣ್ಣ ಉರಿಯಲ್ಲಿಟ್ಟು ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಕಾಯಿಸಿ. ಕಡಲೆಮಿಠಾಯಿಗೆ ಬೇಕಾದಂತೆ ಗಟ್ಟಿ ಪಾಕ ಬರಿಸಿದರೆ ಕಲಸುವಷ್ಟರಲ್ಲೇ ಗಂಟುಕಟ್ಟಿಬಿಡುತ್ತದೆ. ಅಚ್ಚು ಬೆಲ್ಲವೇ ಇರುವುದಾದರೆ ಎರಡು ಚಮಚ ನೀರಿನಲ್ಲಿ ಕರಗಿಸಿ, ಸೋಸಿ ಬಳಸಿ, ಕಸವೂ ಹೋಗುತ್ತದೆ.

180 ಡಿಗ್ರಿ ತೀರಾ ಹೆಚ್ಚಾಯಿತು. 150ಕ್ಕೆ ಇಳಿಸಿ, ಬಟರ್ ಪೇಪರ್ ಮೇಲೆ ತೆಳುವಾಗಿ ಹರಡಿ 25ರಿಂದ 30 ನಿಮಿಷ ಬಿಡಿ. ನಡುವೆ ಒಮ್ಮೆ ಮಾತ್ರ ಅಂಚಿನದನ್ನು ನಡುವಿಗೆ ತಂದು, ಚಮಚದ ಬೆನ್ನಿನಿಂದ ಒತ್ತಿ. ಹೊರಗೆ ತೆಗೆದಾಗ ಅದು ಮೆತ್ತಗೇ ಇರುತ್ತದೆ. ಇನ್ನೂ ಆಗಿಲ್ಲವೆಂದು ಮತ್ತೆ ಒಳಗಿಟ್ಟು ನಾನೊಮ್ಮೆ ಇಡೀ ಟ್ರೇಯನ್ನು ಕರಿ ಮಾಡಿದ್ದೇನೆ. ಪೂರ್ತಿ ಆರುವವರೆಗೆ ಕೈ ಹಾಕಬೇಡಿ, ಗರಿಗರಿಯಾಗುವುದು ಆಗಲೇ.

ಕಾಫಿ ಹೂವಿನ ಜೇನು ಹಾಕಬಹುದು, ರುಚಿಯೂ ಚೆನ್ನ. ಆದರೆ ಜೇನಿನಲ್ಲಿ ಫ್ರಕ್ಟೋಸ್ ಎಂಬ ಬಗೆಯ ಸಕ್ಕರೆ ಹೆಚ್ಚಿರುವುದರಿಂದ ಬೇಗ ಕೆಂಪಾಗುತ್ತದೆ, ಗಾಳಿಯ ತೇವವನ್ನೂ ಬೇಗ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಜೇನಿನ ಗ್ರಾನೋಲಾ ಮೂರನೆಯ ದಿನಕ್ಕೇ ಅಂಟಂಟಾಗುತ್ತದೆ. ಆಗ ಮತ್ತೆ ಐದು ನಿಮಿಷ ಓವನ್ನಿನಲ್ಲಿಟ್ಟು ತೆಗೆಯುವುದೊಂದೇ ದಾರಿ.

ಉತ್ತರ (ಚಿಕ್ಕಮಗಳೂರಿನಿಂದ)

ಮೇಲಿನವರು ಹೇಳಿದ ವಿಧಾನ ಸರಿಯಾಗಿದೆ. ಅತ್ತೆಯವರ ವಿಷಯದಲ್ಲಿ ಮಾತ್ರ ಒಂದು ಮಾತು ಸೇರಿಸಬೇಕಾಗಿದೆ, ಏಕೆಂದರೆ ಪಥ್ಯಾಹಾರದ ಕೆಲಸದಲ್ಲಿರುವ ನಾನು ಬೆಲ್ಲ ಮತ್ತು ಜೇನು ‘ನೈಸರ್ಗಿಕ’ವಾದ್ದರಿಂದ ಪರವಾಗಿಲ್ಲವೆನ್ನುವವರನ್ನು ದಿನವೂ ನೋಡುತ್ತೇನೆ. ಬೆಲ್ಲದ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಅದರ ಬಣ್ಣವನ್ನು ಯಾರೂ ಕೇಳುವುದಿಲ್ಲ. ಅದರಲ್ಲಿ ಕಬ್ಬಿಣಾಂಶ ಇದೆಯೆಂಬುದು ನಿಜವಾದರೂ, ಒಂದು ಚಮಚದಲ್ಲಿ ಸಿಗುವಷ್ಟನ್ನು ನೆಚ್ಚಿಕೊಳ್ಳುವಂತಿಲ್ಲ. ಖರ್ಜೂರದಲ್ಲಿ ನಾರಿದೆ, ಆದರೆ ತೂಕದ ಸುಮಾರು ಮೂರನೆಯ ಎರಡು ಭಾಗ ಸಕ್ಕರೆಯೇ.

ಆದ್ದರಿಂದ ನೋಡಬೇಕಾದದ್ದು ಯಾವ ಸಿಹಿ ಎಂಬುದಕ್ಕಿಂತ ಎಷ್ಟು ಎಂಬುದನ್ನು. ಕಾಲು ಕಪ್ ಜೋನಿ ಬೆಲ್ಲ ಸುಮಾರು 80 ಗ್ರಾಂ ತೂಗುತ್ತದೆ, ಅದರಲ್ಲಿ 60 ಗ್ರಾಂನಷ್ಟು ಸಕ್ಕರೆ ಎಂದಿಟ್ಟುಕೊಳ್ಳಿ. ಮೇಲಿನ ಅಳತೆಗೆ 500 ಗ್ರಾಂನಷ್ಟು ಗ್ರಾನೋಲಾ ಬರುತ್ತದೆ. 40 ಗ್ರಾಂನಂತೆ ಹನ್ನೆರಡು ಪಾಲು ಮಾಡಿದರೆ ಒಂದು ಪಾಲಿಗೆ ಸೇರುವ ಸಿಹಿ ಸುಮಾರು 5 ಗ್ರಾಂ. ಸೇರಿಸಿದ ಸಕ್ಕರೆ, ಜೇನು, ಪಾಕಗಳೆಲ್ಲ ಸೇರಿ ದಿನದ ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ, ಶೇ. 5 ಎಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ಮಗಳಿಗೆ ಈ 5 ಗ್ರಾಂ ಏನೂ ದೊಡ್ಡದಲ್ಲ. ಅತ್ತೆಯವರ ಪಾಲಿನಲ್ಲಿ ಓಟ್ಸ್‌ನ ಪಿಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. 30 ಗ್ರಾಂನಷ್ಟನ್ನು ತಕ್ಕಡಿಯಲ್ಲಿ ತೂಗಿ, ಸಿಹಿಯಿಲ್ಲದ ಮೊಸರಿನ ಮೇಲೆ ಹಾಕಿ ಕೊಡಿ, ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿ ಅವರ ವೈದ್ಯರಿಗೆ ತೋರಿಸಿ. ಬಟ್ಟಲಿಗೆ ಸುರಿದುಕೊಂಡರೆ 30 ಗ್ರಾಂ ಯಾವಾಗ 80 ಆಯಿತೆಂದು ತಿಳಿಯುವುದೇ ಇಲ್ಲ.

ಸಿಹಿಯನ್ನು ಅರ್ಧಕ್ಕಿಳಿಸಬೇಕೆಂದರೆ ಅಂಟಿಗೆ ಬೇರೆ ದಾರಿ ಬೇಕು. ಒಂದು ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಲಕಿ ಸೇರಿಸಬಹುದು. ಮೊಟ್ಟೆ ತಿನ್ನದವರು ಒಂದು ದೊಡ್ಡ ಚಮಚ ಅಗಸೆಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿ, ಲೋಳೆಯಾದ ಮೇಲೆ ಕಲಸಬಹುದು.

ಉತ್ತರ (ಅರಸೀಕೆರೆಯಿಂದ)

ಇಷ್ಟೆಲ್ಲ ಓಟ್ಸ್ ಕೊಂಡು ತರುವ ಬದಲು ಅರ್ಧ ಭಾಗ ಗಟ್ಟಿ ಅವಲಕ್ಕಿ ಹಾಕಿ ನೋಡಿ ಎಂಬುದು ನನ್ನ ಸಲಹೆ. ದಪ್ಪ ತಳದ ಬಾಣಲೆಯಲ್ಲಿ ಹುರಿದರೆ ಓವನ್ನೇ ಬೇಕಿಲ್ಲ. ಜೊತೆಗೆ ಒಂದು ಹಿಡಿ ಹುರಿದ ಹುಚ್ಚೆಳ್ಳು ಹಾಕಿದರೆ ಬರುವ ಘಮ ಯಾವ ಬಾದಾಮಿಗೂ ಬರುವುದಿಲ್ಲ. ಕೊಬ್ಬರಿ ತುರಿಯನ್ನು ಮಾತ್ರ ಕೊನೆಯ ಐದು ನಿಮಿಷಕ್ಕೆ ಹಾಕಿ. ಮೊದಲೇ ಹಾಕಿದರೆ ಸೀಯುತ್ತದೆ. ಖರ್ಜೂರವನ್ನು ಬೇಯಿಸದೆ, ಎಲ್ಲ ಆರಿದ ಮೇಲೆ ಚೂರು ಮಾಡಿ ಬೆರೆಸುವುದು ವಾಸಿ.

ಪ್ರತಿಕ್ರಿಯೆ (ಚಿಕ್ಕಮಗಳೂರಿನಿಂದ)

ಹುಚ್ಚೆಳ್ಳಿಗೆ ನನ್ನ ಪೂರ್ಣ ಒಪ್ಪಿಗೆ. ಅವಲಕ್ಕಿ ಮಗಳ ಪಾಲಿಗೆ ಇರಲಿ. ಊಟದ ನಂತರ ರಕ್ತದ ಸಕ್ಕರೆ ಬೇಗ ಏರದಂತೆ ತಡೆಯಲು ನೆರವಾಗುವ, ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಅವಲಕ್ಕಿಯಲ್ಲಿ ಇಲ್ಲದಿರುವುದರಿಂದ ಅತ್ತೆಯವರಿಗೆ ಓಟ್ಸ್ ಇರುವುದೇ ಮೇಲು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಜೋನಿ ಬೆಲ್ಲವನ್ನು ಎರಡು ದೊಡ್ಡ ಚಮಚಕ್ಕಿಳಿಸಿ, ಅಗಸೆಯ ಲೋಳೆ ಸೇರಿಸಿ, 150 ಡಿಗ್ರಿಯಲ್ಲಿ ಮಾಡಿದೆ. ತೇವ ಹೆಚ್ಚಿದ್ದುದರಿಂದ 35 ನಿಮಿಷ ಹಿಡಿಯಿತು. ದೊಡ್ಡ ಗಟ್ಟಿಗಳಾಗಲಿಲ್ಲ, ಆದರೆ ಹುಣಸೆಬೀಜದ ಗಾತ್ರದ ಚೂರುಗಳಾಗಿ ನಿಂತಿದೆ, ಕಡಿದರೆ ಸದ್ದು ಬರುತ್ತದೆ. ಅತ್ತೆಯವರು 30 ಗ್ರಾಂ ತಕ್ಕಡಿಗೆ ಬಿದ್ದದ್ದನ್ನು ನೋಡಿ “ಇದೇನು ಗುಬ್ಬಿಗೆ ಹಾಕುವುದಾ” ಎಂದರು. ಮೊಸರಿನ ಬಟ್ಟಲು ಖಾಲಿಯಾಯಿತು. ಹುಚ್ಚೆಳ್ಳು ತಂದಿದ್ದೇನೆ, ಅದನ್ನು ಓಟ್ಸ್ ಜೊತೆಗೇ ಬೇಯಿಸಬೇಕೇ, ಬೇರೆಯಾಗಿ ಹುರಿದು ಕೊನೆಗೆ ಬೆರೆಸಬೇಕೇ ಎಂಬುದನ್ನು ಅರಸೀಕೆರೆಯವರು ತಿಳಿಸಬೇಕು.