ಅತ್ತರು ಮೈಗೆ ಹಚ್ಚಿದ ಮೇಲೆ ಯಾಕೆ ಬದಲಾಗುತ್ತದೆ? ಅತ್ತರಿನ ಅಂಗಡಿಯವರನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮದು ಅತ್ತರಿನ ಅಂಗಡಿ, ಅಪ್ಪ ಶುರು ಮಾಡಿದ್ದು. ಗುಂಪಿನ ಅಡ್ಮಿನ್ ಹೇಳಿದ್ದರಿಂದ ಇವತ್ತು ಸಂಜೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ. ಅತ್ತರು, ಸೆಂಟಿನ ಎಣ್ಣೆ, ಅದು ಮೈಮೇಲೆ ಹೇಗೆ ಇರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ಬೇಕಾದರೂ ಕೇಳಿ. ಯಾವ ಅಂಗಡಿ ಒಳ್ಳೆಯದು, ಯಾವ ಕಂಪನಿ ಕೆಟ್ಟದ್ದು ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ (ಸತ್ಯನಾರಾಯಣ ಪೇಟೆಯಿಂದ): ಅಣ್ಣಾ, ತಮ್ಮನ ಮದುವೆಗೆ ಅಂತ ಗುಲಾಬಿ ಅತ್ತರು ತಗೊಂಡೆ. ಅಂಗಡಿಯಲ್ಲಿ ಸೀಸೆ ಮೂಸಿದಾಗ ತಾಜಾ ಗುಲಾಬಿಯೇ. ಮನೆಗೆ ಬಂದು ಕೈಗೆ ಹಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಗುಲಾಬಿ ಹೋಗಿ ಶ್ರೀಗಂಧದ ಕೊರಡಿನ ವಾಸನೆ ಬರುತ್ತಿದೆ. ನಾನು ಮೋಸ ಹೋದೆನಾ? ಅದೇ ಅತ್ತರು ನಮ್ಮ ಮನೆಯವರ ಕೈಮೇಲೆ ಬೇರೆ ತರಹವೇ ಇದೆ.

ಉತ್ತರ: ಅಕ್ಕಾ, ವಾಸನೆ ಬದಲಾಯಿತು ಅನ್ನೋ ಒಂದೇ ಕಾರಣಕ್ಕೆ ಮೋಸ ಅನ್ನಬೇಡಿ. ಗುಲಾಬಿ ಅತ್ತರು ಹಾಗೆ ಬದಲಾಗಲೇಬೇಕು. ಅದನ್ನು ಮಾಡುವ ರೀತಿ ತಿಳಿದರೆ ನಿಮಗೇ ಗೊತ್ತಾಗುತ್ತದೆ.

ಉತ್ತರ ಪ್ರದೇಶದ ಕನೌಜ್‌ನಲ್ಲಿ ಇವತ್ತಿಗೂ ಹಳೆಯ ಪದ್ಧತಿಯಲ್ಲಿ ಅತ್ತರು ಇಳಿಸುತ್ತಾರೆ. ತಾಮ್ರದ ದೊಡ್ಡ ಹಂಡೆಗೆ ಹೂವು ಮತ್ತು ನೀರು ತುಂಬಿ, ಮುಚ್ಚಳದ ಅಂಚಿಗೆ ಮಣ್ಣು ಮೆತ್ತಿ, ಕೆಳಗೆ ಬೆಂಕಿ ಹಾಕುತ್ತಾರೆ. ಈ ಹಂಡೆಯೇ ದೇಗ್. ಆವಿ ಬಿದಿರಿನ ಕೊಳವೆಯಲ್ಲಿ ಹಾದು ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಅದು ಭಪ್ಕಾ, ಅದನ್ನು ನೀರಿನ ತೊಟ್ಟಿಯಲ್ಲಿ ಇಟ್ಟಿರುತ್ತಾರೆ. ಭಪ್ಕಾದ ತಳದಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಆವಿ ತಣಿದಾಗ ಹೂವಿನ ಘಮವನ್ನು ಆ ಎಣ್ಣೆ ಹಿಡಿದುಕೊಳ್ಳುತ್ತದೆ. ಕೆಳಗಿನ ನೀರು ಬಿಟ್ಟು, ಹೊಸ ಹೂವು ಹಾಕಿ, ಮತ್ತೆ ಅದೇ ಕೆಲಸ. ಎಣ್ಣೆ ಹೂವಿನಿಂದ ತುಂಬುವ ತನಕ ದಿನಗಟ್ಟಲೆ ಹೀಗೆ ನಡೆಯುತ್ತದೆ.

ಅಂದರೆ ನಿಮ್ಮ ಸೀಸೆಯಲ್ಲಿ ಗುಲಾಬಿಯೂ ಇದೆ, ಗಂಧವೂ ಇದೆ. ಗುಲಾಬಿಯ ಘಮ ಹಗುರ, ಬೇಗ ಆರುತ್ತದೆ. ಗಂಧದಲ್ಲಿರುವ ಸ್ಯಾಂಟಲಾಲ್ ಎಂಬ ಅಂಶ ಭಾರ, ನಿಧಾನಕ್ಕೆ ಏಳುತ್ತದೆ, ತುಂಬಾ ಹೊತ್ತು ಇರುತ್ತದೆ. ಸೀಸೆಯ ಮುಚ್ಚಳ ತೆಗೆದ ತಕ್ಷಣ ಮೂಗಿಗೆ ಬರುವುದು ಮೇಲೆ ಸೇರಿಕೊಂಡಿದ್ದ ಹಗುರ ಘಮ ಮಾತ್ರ. ಮೈಗೆ ಹಚ್ಚಿದಾಗ ಎಣ್ಣೆ ತೆಳುವಾಗಿ ಹರಡುತ್ತದೆ, ಮೈಯ ಬಿಸಿ ತಾಗುತ್ತದೆ. ಆಗ ಒಂದಾದ ಮೇಲೊಂದು ಏಳುತ್ತಾ ಹೋಗುತ್ತವೆ. ಅದಕ್ಕೇ ಸೀಸೆ ಮೂಸಿ ಅತ್ತರು ಕೊಳ್ಳಬೇಡಿ ಅಂತ ನಾನು ಬಂದವರಿಗೆಲ್ಲಾ ಹೇಳುತ್ತೇನೆ. ಎಡಗೈಗೆ ಒಂದು, ಬಲಗೈಗೆ ಒಂದು ಹಚ್ಚಿಸಿಕೊಳ್ಳಿ. ಬಜಾರ್‌ನಲ್ಲಿ ಬೇರೆ ಕೆಲಸ ಮುಗಿಸಿ, ಸಂಜೆಗೆ ಕೈ ಮೂಸಿ ನೋಡಿ. ನಿಮ್ಮ ಜೊತೆ ದಿನವೆಲ್ಲಾ ಇರುವುದು ಆ ಸಂಜೆಯ ವಾಸನೆ. ಅದು ಹಿಡಿಸಿದರೆ ಮಾತ್ರ ದುಡ್ಡು ಕೊಡಿ.

ಇನ್ನೊಂದು ಮಾತು. ಗಂಧದೆಣ್ಣೆ ದುಬಾರಿ ಆದ ಮೇಲೆ ತಳಕ್ಕೆ ಲಿಕ್ವಿಡ್ ಪ್ಯಾರಫಿನ್ ಎಂಬ ವಾಸನೆ ಇಲ್ಲದ ಖನಿಜ ಎಣ್ಣೆ ಹಾಕುವವರು ಬಹಳ ಜನ ಇದ್ದಾರೆ. ಅಂಥ ಅತ್ತರಿನಲ್ಲಿ ಗುಲಾಬಿ ಹೋದ ಮೇಲೆ ಬರೀ ಜಿಡ್ಡು ಉಳಿಯುತ್ತದೆ. ನಿಮ್ಮದರಲ್ಲಿ ಗಂಧ ಉಳಿದಿದೆ, ಅದು ಒಳ್ಳೆಯ ಲಕ್ಷಣ. ಆದರೆ ಅಷ್ಟರಿಂದಲೇ ಅದು ಅಸಲಿ ಗಂಧದೆಣ್ಣೆ ಅನ್ನೋಕೆ ಬರುವುದಿಲ್ಲ, ಗಂಧದ ವಾಸನೆ ಕೊಡುವ ಕೆಮಿಕಲ್‌ಗಳೂ ಇವೆ. ಬೆಲೆ ನೋಡಿ. ನೂರಿನ್ನೂರು ರೂಪಾಯಿಗೆ ಒಂದು ತೊಲ ಅಸಲಿ ಗುಲಾಬಿ ಅತ್ತರು ಯಾರಿಗೂ ಕೊಡೋಕೆ ಆಗುವುದಿಲ್ಲ.

ಅದೇ ಅಕ್ಕ: ಮನೆಯವರ ಕೈಮೇಲೆ ಬೇರೆ ವಾಸನೆ ಯಾಕೆ ಅಂತ ಹೇಳಲಿಲ್ಲ. ಚರ್ಮದ ಪಿಎಚ್, ಅಂದರೆ ಹುಳಿಯ ಅಳತೆ, ಅದೇ ಕಾರಣ ಅಂತ ಎಲ್ಲೋ ಓದಿದೆ.

ಉತ್ತರ: ಪಿಎಚ್ ಮಾತು ನನಗೂ ಬಹಳ ಜನ ಹೇಳುತ್ತಾರೆ. ನಾನು ಅದಕ್ಕೆ ಜಾಸ್ತಿ ತೂಕ ಕೊಡುವುದಿಲ್ಲ. ಎಲ್ಲರ ಚರ್ಮವೂ ಸ್ವಲ್ಪ ಹುಳಿಯ ಕಡೆಗೇ ಇರುತ್ತದೆ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಚಿಕ್ಕದು. ನಾನು ಮೊದಲು ನೋಡುವುದು ಚರ್ಮ ಒಣಗಿದೆಯಾ, ಜಿಡ್ಡಿದೆಯಾ ಅಂತ. ಒಣಚರ್ಮ ಎಣ್ಣೆ ಹೀರುತ್ತದೆ, ಘಮ ಬೇಗ ಮಂಕಾಗುತ್ತದೆ. ಜಿಡ್ಡಿನ ಚರ್ಮದ ಮೇಲೆ ಘಮ ನಿಲ್ಲುತ್ತದೆ. ಆಮೇಲೆ ಮೈಯ ಬಿಸಿ, ಬೆವರು, ಹಿಂದೆ ಹಚ್ಚಿದ ಸೋಪು, ಪೌಡರು, ತಲೆಗೆ ಹಚ್ಚಿ ಕೈಗೆ ಉಳಿದ ಕೊಬ್ಬರಿ ಎಣ್ಣೆ. ಎಷ್ಟೋ ಸಲ "ನನ್ನ ಮೈಗೆ ಈ ಅತ್ತರು ಆಗಿಬರಲ್ಲ" ಅನ್ನುವವರಿಗೆ ತೊಂದರೆ ಕೊಟ್ಟಿದ್ದು ಸೋಪಿನ ವಾಸನೆ. ಇಬ್ಬರೂ ಬರೀ ನೀರಿನಲ್ಲಿ ಕೈ ತೊಳೆದು, ಒರೆಸಿ, ಒಂದೇ ಅಳತೆ ಹಚ್ಚಿ ನೋಡಿ. ವ್ಯತ್ಯಾಸ ಕಡಿಮೆ ಆಗುತ್ತದೆ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ): ಭಾಯ್, ಗೆಳೆಯನ ಸ್ಪ್ರೇ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ನನ್ನ ಅತ್ತರು ಪಕ್ಕದವನಿಗೂ ಗೊತ್ತಾಗಲ್ಲ. ಜಾಸ್ತಿ ಹಚ್ಚಲಾ?

ಉತ್ತರ: ಬೇಡ ತಮ್ಮಾ. ಸ್ಪ್ರೇಯಲ್ಲಿ ಬಹುಪಾಲು ಆಲ್ಕೋಹಾಲ್. ಅದು ಹಾರುವಾಗ ಘಮವನ್ನೂ ಎತ್ತಿಕೊಂಡು ಹೋಗುತ್ತದೆ, ರೂಮು ತುಂಬುತ್ತದೆ. ಎಣ್ಣೆಗೆ ಆ ಓಟ ಇಲ್ಲ. ಅದು ಮೈಗೆ ಅಂಟಿಕೊಂಡು ಹತ್ತಿರ ಬಂದವರಿಗೆ ಮಾತ್ರ ತಾಗುತ್ತದೆ, ಆದರೆ ನಿಧಾನಕ್ಕೆ ತುಂಬಾ ಹೊತ್ತು. ಎರಡು ಹನಿ ಜಾಸ್ತಿ ಹಚ್ಚಿದರೆ ದೂರ ಹೋಗುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ತಲೆನೋವು ಬರುತ್ತದೆ. ದೂರಕ್ಕೆ ಬೇಕಿದ್ದರೆ ಸ್ಪ್ರೇ ತಗೋ, ತಪ್ಪೇನಿಲ್ಲ.

ಪ್ರಶ್ನೆ (ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಮಾಡುವವರು): ಅಣ್ಣ, ನಾನು ಇಸ್ತ್ರಿ ಮಾಡುವ ಕಡೆ ಇರುತ್ತೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಹಚ್ಚಿದ ಅತ್ತರು ಮಧ್ಯಾಹ್ನಕ್ಕೆ ಹುಳಿ ವಾಸನೆ ಬರುತ್ತದೆ. ಏನು ಮಾಡಲಿ?

ಉತ್ತರ: ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಳಗೆ ಇಸ್ತ್ರಿಯ ಆವಿ. ಅಷ್ಟು ಬಿಸಿಯಲ್ಲಿ ಹಗುರ ಘಮ ಬೇಗ ಖಾಲಿಯಾಗುತ್ತದೆ. ಹುಳಿ ಬಂದಿದ್ದು ಅತ್ತರಿನಿಂದ ಅಲ್ಲ. ತಾಜಾ ಬೆವರಿಗೆ ಹೆಚ್ಚು ವಾಸನೆ ಇರುವುದಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಕೆಡಿಸಿದಾಗ ವಾಸನೆ ಹುಟ್ಟುತ್ತದೆ. ಅದರ ಜೊತೆ ಸಿಹಿ ಅತ್ತರು ಸೇರಿದರೆ ಇನ್ನೂ ಕೆಟ್ಟದಾಗುತ್ತದೆ. ಹಾಗಾಗಿ ಕಂಕುಳಿಗೆ, ಎದೆಗೆ ಹಚ್ಚಬೇಡಿ. ಸ್ನಾನ ಮಾಡಿ ಮೈ ಪೂರ್ತಿ ಒಣಗಿದ ಮೇಲೆ ಕಿವಿಯ ಹಿಂದೆ, ಕುತ್ತಿಗೆಯ ಹಿಂದೆ ಮಾತ್ರ. ಚರ್ಮ ಒಣಗಿದ್ದರೆ ಅಲ್ಲಿ ಮೊದಲು ಚೂರು ವ್ಯಾಸಲೀನ್ ಸವರಿ.

ನಮ್ಮ ಹಿರಿಯರು ಹತ್ತಿಯ ಸಣ್ಣ ಉಂಡೆಗೆ ಅತ್ತರು ತಾಗಿಸಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು, ನೋಡಿರುತ್ತೀರಿ. ನಿಮ್ಮಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಘಮ ಹತ್ತಿಯಲ್ಲಿ ಇರುತ್ತದೆ, ಬೆವರಿನಲ್ಲಿ ಬೆರೆಯುವುದಿಲ್ಲ. ಕಿವಿಯ ತೂತಿನೊಳಗೆ ಮಾತ್ರ ತುರುಕಬೇಡಿ.

ಬೇಸಿಗೆಗೆ ಲಾವಂಚ ಹಚ್ಚಿ. ಅಂಗಡಿಯಲ್ಲಿ ಖಸ್ ಅಂತ ಕೇಳಿ. ಅದು ಬೇರಿನ ಎಣ್ಣೆ, ಭಾರ ಇರುವುದರಿಂದ ಬಿಸಿಗೆ ಬೇಗ ಹೋಗುವುದಿಲ್ಲ, ವಾಸನೆ ತಂಪು. ಮಜ್ಮುವಾ ಕೂಡ ಆಗುತ್ತದೆ. ಅದರಲ್ಲಿ ಖಸ್, ಕೇದಿಗೆ, ಮಣ್ಣು, ಕದಂಬ ಈ ನಾಲ್ಕರ ಅತ್ತರೂ ಸೇರಿರುತ್ತವೆ. ಊದ್ (ಅಗರು ಮರದ್ದು), ಹೀನಾ, ಶಮಾಮದಂಥ ಬಿಸಿ ಘಮದ ಅತ್ತರುಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಬಿಸಿಲಲ್ಲಿ ಓಡಾಡುವ ಎಲ್ಲರಿಗೂ ಒಂದು ಎಚ್ಚರಿಕೆ. ಸಿಪ್ಪೆ ಹಿಂಡಿ ತೆಗೆದ ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು), ನಿಂಬೆ ಎಣ್ಣೆಗಳು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಆಗಬಹುದು, ಕಪ್ಪು ಕಲೆ ಉಳಿಯಬಹುದು. ಅಂಥದ್ದನ್ನು ಬಟ್ಟೆ ಮುಚ್ಚುವ ಜಾಗಕ್ಕೆ ಹಚ್ಚಿ, ಇಲ್ಲಾ ಸಂಜೆ ಹಚ್ಚಿ.

ಪ್ರಶ್ನೆ (ಹೂವಿನ ಹಡಗಲಿಯಿಂದ): ಅಣ್ಣಾರೇ, ನಮ್ಮ ಊರಿನ ಮಲ್ಲಿಗೆಗೆ ಜಿಐ ಗುರುತು, ಅಂದರೆ ಇದು ಇದೇ ಊರಿನದ್ದು ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಆದರೆ ಯಾವ ಮಲ್ಲಿಗೆ ಅತ್ತರು ತಂದರೂ ಮುಡಿದ ಮಲ್ಲಿಗೆಯ ಹತ್ತಿರಕ್ಕೂ ಬರಲ್ಲ. ಕೈಗೆ ಹಚ್ಚಿ ಸ್ವಲ್ಪ ಹೊತ್ತಾದರೆ ಒಂಥರಾ ದಟ್ಟ ವಾಸನೆ, ಹೊಟ್ಟೆ ತೊಳಸುತ್ತದೆ. ಯಾಕೆ?

ಉತ್ತರ: ತಂಗಿ, ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಬಹಳ ಸಂತೋಷ ಆಯ್ತು. ಹಡಗಲಿ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ ನನಗೆ ಮಲ್ಲಿಗೆ ಅಂದರೆ ಇವತ್ತಿಗೂ ಹಡಗಲಿಯೇ.

ಮಲ್ಲಿಗೆಯನ್ನು ಕಿತ್ತ ಮೇಲೂ ಅದು ಘಮ ಮಾಡುತ್ತಲೇ ಇರುತ್ತದೆ. ನೀವು ಮೊಗ್ಗು ಕಟ್ಟಿ ಮುಡಿಯುತ್ತೀರಿ, ಸಂಜೆಗೆ ಅದು ತಲೆಯಲ್ಲೇ ಬಿರಿಯುತ್ತದೆ, ಗಳಿಗೆ ಗಳಿಗೆಗೂ ಹೊಸ ಘಮ ಬರುತ್ತದೆ. ಸೀಸೆಯಲ್ಲಿರುವುದು ಒಂದು ಸಲ ಹಿಡಿದಿಟ್ಟ ಘಮ, ಅದಕ್ಕೆ ಹೊಸದು ಸೇರುವುದಿಲ್ಲ. ಜೊತೆಗೆ ಮಲ್ಲಿಗೆ ಬಿಸಿ ತಡೆಯದ ಹೂವು. ಕನೌಜ್‌ನಲ್ಲಿ ಮಲ್ಲಿಗೆಯಿಂದ ಮೋತಿಯಾ ಅಂತ ಅತ್ತರು ಇಳಿಸುತ್ತಾರೆ, ಅದೂ ಬೇಯಿಸಿ ಇಳಿಸಿದ್ದೇ. ತಮಿಳುನಾಡಿನ ಕಾರ್ಖಾನೆಗಳಲ್ಲಿ ಬೇಯಿಸದೆ ಹೆಕ್ಸೇನ್‌ನಂಥ ದ್ರಾವಕದಲ್ಲಿ ಹೂವಿನ ಸಾರ ತೆಗೆಯುತ್ತಾರೆ. ಅದು ಹೂವಿಗೆ ಹತ್ತಿರ, ಆದರೆ ತುಂಬಾ ದುಬಾರಿ. ಬಜಾರ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಮಲ್ಲಿಗೆ ಸೆಂಟು ಹೆಚ್ಚಿನದು ಕೆಮಿಕಲ್ ಬೆರೆಸಿ ಮಾಡಿದ್ದು.

ಇನ್ನು ಆ ದಟ್ಟ ವಾಸನೆ. ಮಲ್ಲಿಗೆಯಲ್ಲಿ ಬೆಂಜೈಲ್ ಅಸಿಟೇಟ್ ಅಂತ ಒಂದು ಅಂಶ ಇದೆ, ಹಣ್ಣಿನ ಹಾಗೆ ಸಿಹಿ, ಹಗುರ. ಇಂಡೋಲ್ ಅಂತ ಇನ್ನೊಂದಿದೆ. ಇಂಡೋಲ್ ಒಂದೇ ಇದ್ದರೆ ನುಸಿಗುಳಿಗೆಯ ವಾಸನೆ. ಹೂವಿನಲ್ಲಿ ಚೂರೇ ಚೂರು ಇರುತ್ತದೆ, ಮಲ್ಲಿಗೆಗೆ ಆ ತುಂಬುತನ ಬರುವುದು ಅದರಿಂದಲೇ. ಮೈಮೇಲೆ ಮೊದಲು ಹೋಗುವುದು ಹಗುರದ್ದು, ಇಂಡೋಲ್ ಹಿಂದೆ ಉಳಿಯುತ್ತದೆ. ಆಗ ನಿಮಗೆ ಹೊಟ್ಟೆ ತೊಳಸುತ್ತದೆ. ನಿನ್ನೆ ಮುಡಿದ ಬಾಡಿದ ಮಲ್ಲಿಗೆಯನ್ನು ಬೆಳಿಗ್ಗೆ ಮೂಸಿ ನೋಡಿ, ಆ ದಟ್ಟ ಛಾಯೆ ಅಲ್ಲೂ ಸಿಗುತ್ತದೆ.

ಮಲ್ಲಿಗೆ ಎಣ್ಣೆಯನ್ನು ಮೈಗಿಂತ ಸೀರೆಯ ಸೆರಗಿನ ಒಳಮಗ್ಗುಲಿಗೆ ತಾಗಿಸಿ. ಬಟ್ಟೆಗೆ ಮೈಯಷ್ಟು ಬಿಸಿ ಇಲ್ಲ, ಸಿಹಿ ಭಾಗ ಜಾಸ್ತಿ ಹೊತ್ತು ಇರುತ್ತದೆ. ರೇಷ್ಮೆಗೆ, ಬಿಳಿ ಬಟ್ಟೆಗೆ ಬೇಡ, ಎಣ್ಣೆ ಕಲೆ ಹೋಗುವುದಿಲ್ಲ. ಹಡಗಲಿಯಲ್ಲಿ ಇರುವವರು ನೀವು, ನಿಜ ಹೇಳಬೇಕೆಂದರೆ ಹೂವನ್ನೇ ಮುಡಿಯಿರಿ. ನನ್ನ ಅಂಗಡಿಯಲ್ಲಿ ಅದಕ್ಕೆ ಸಮನಾದದ್ದು ಇಲ್ಲ.

ಪ್ರಶ್ನೆ (ಗಾಂಧಿನಗರದಿಂದ): ಹಚ್ಚಿದ ಸ್ವಲ್ಪ ಹೊತ್ತಿಗೆ ನನಗೇ ವಾಸನೆ ಗೊತ್ತಾಗಲ್ಲ. ಮತ್ತೆ ಹಚ್ಚಿದರೆ ಹೆಂಡತಿ ಬೈತಾಳೆ, ಘಾಟು ಅಂತ.

ಉತ್ತರ: ನಿಮ್ಮ ಮನೆಯವರ ಮಾತು ಸರಿ ಇದೆ ಸರ್. ಒಂದೇ ವಾಸನೆ ಬರುತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಅತ್ತರು ಇದ್ದೇ ಇರುತ್ತದೆ. ಮತ್ತೆ ಹಚ್ಚುವ ಮುಂಚೆ ಹೊರಗೆ ಒಂದು ಸುತ್ತು ಹಾಕಿ ಬಂದು ಮೂಸಿ, ಇಲ್ಲಾ ಮನೆಯವರನ್ನೇ ಕೇಳಿ. ಅಂಗಡಿಗಳಲ್ಲಿ ಕಾಫಿ ಬೀಜ ಮೂಸಲು ಕೊಡುತ್ತಾರಲ್ಲ, ಬರೀ ಗಾಳಿಗಿಂತ ಅದರಿಂದ ಹೆಚ್ಚು ಉಪಯೋಗ ಇಲ್ಲ.

ಇನ್ನೊಬ್ಬ ಸದಸ್ಯರು: ನನಗೆ ಕಸ್ತೂರಿ ಅಂತ ಮಾರುವ ಅತ್ತರು ಮೊದಲಿಂದಲೇ ಏನೂ ವಾಸನೆ ಬರಲ್ಲ. ಮಗಳಿಗೆ ಬರುತ್ತದೆ.

ಉತ್ತರ: ಆಗುತ್ತದೆ. ಈಗ ಮಾರುವ ಕಸ್ತೂರಿಯಲ್ಲಿ ಬಹುಪಾಲು ಕಾರ್ಖಾನೆಯಲ್ಲಿ ಮಾಡಿದ ಮಸ್ಕ್, ಅಂದರೆ ಕಸ್ತೂರಿಯ ಘಮ ಕೊಡುವ ಕೆಮಿಕಲ್‌ಗಳು. ಅವುಗಳಲ್ಲಿ ಕೆಲವು ಕೆಲವರ ಮೂಗಿಗೆ ಹತ್ತುವುದೇ ಇಲ್ಲ, ಹುಟ್ಟಿನಿಂದಲೇ ಹಾಗೆ. ಮೂಗು ಕೆಟ್ಟಿದೆ ಅಂತ ಚಿಂತೆ ಬೇಡ. ಬೇರೆ ಮಸ್ಕ್ ಹತ್ತಬಹುದು, ನೋಡಿ.

ಪ್ರಶ್ನೆ: ಕುತ್ತಿಗೆಗೆ ಹಚ್ಚಿದ ಜಾಗದಲ್ಲಿ ಕೆಂಪಾಗಿ ಕೆರೆತ. ಅಸಲಿ ಅತ್ತರು ಅಂದಿದ್ದರು.

ಉತ್ತರ: ಈಗಲೇ ನಿಲ್ಲಿಸಿ. ಕಡಿಮೆ ಆಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಹೂವಿನಿಂದ ಬಂದ ಎಣ್ಣೆಯಾದರೂ ಅಲರ್ಜಿ ಆಗಬಹುದು, ಅಸಲಿ ಆದ ಮಾತ್ರಕ್ಕೆ ಎಲ್ಲರ ಮೈಗೂ ಒಗ್ಗುವುದಿಲ್ಲ. ಹೊಸ ಅತ್ತರು ಯಾವುದೇ ಇರಲಿ, ಮೊದಲು ಮೊಣಕೈ ಒಳಮಡಿಕೆಗೆ ಚೂರು ಹಚ್ಚಿ ಎರಡು ದಿನ ಕಾಯಿರಿ. ಎಳೆ ಮಕ್ಕಳಿಗೆ ಹಚ್ಚಲೇಬೇಡಿ.

ಪ್ರಶ್ನೆ (ನಿವೃತ್ತ ಮೇಷ್ಟ್ರು, ಸಿರುಗುಪ್ಪ): ಮೊದಲ ಮಳೆಯ ಮಣ್ಣಿನ ವಾಸನೆಯ ಅತ್ತರು ಇದೆ ಅಂತಾರೆ. ನಿಜವಾಗಿ ಮಣ್ಣಿಂದಲೇ ಮಾಡುತ್ತಾರಾ?

ಉತ್ತರ: ಮಣ್ಣಿಂದಲೇ ಮೇಷ್ಟ್ರೇ. ಮಿಟ್ಟಿ ಅತ್ತರು ಅಂತಾರೆ. ಸುಟ್ಟ ಜೇಡಿಮಣ್ಣನ್ನು ಅದೇ ದೇಗ್‌ನಲ್ಲಿ ಹಾಕಿ ಗಂಧದೆಣ್ಣೆಗೆ ಇಳಿಸುತ್ತಾರೆ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಈ ಮಳೆವಾಸನೆಗೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ಒಣಮಣ್ಣು ಮತ್ತು ಕಲ್ಲು ಎಣ್ಣೆಯಂಥ ಪದಾರ್ಥ ಹಿಡಿದಿಟ್ಟುಕೊಳ್ಳುತ್ತವೆ, ತೇವ ತಾಗಿದಾಗ ಅದು ಹೊರಗೆ ಬರುತ್ತದೆ ಅಂತ ತೋರಿಸಿದರು. ಅವರಿಗಿಂತ ಬಹಳ ಮುಂಚೆಯೇ ನಮ್ಮ ಜನ ಅದನ್ನು ಎಣ್ಣೆಗೆ ಇಳಿಸುತ್ತಿದ್ದರು.

ಕೈಗೆ ಹಚ್ಚಿದರೆ ಮೊದಲು ಹಸಿಮಣ್ಣು ಬರುತ್ತದೆ. ಆಮೇಲೆ ಮೆಲ್ಲಗೆ ಗಂಧ ಮುಂದೆ ಬರುತ್ತದೆ. ಮಣ್ಣಿನ ಭಾಗ ಸೂಕ್ಷ್ಮ, ಬೇರೆ ಯಾವುದರ ಜೊತೆಗೂ ಹಚ್ಚಬೇಡಿ, ಕಳೆದುಹೋಗುತ್ತದೆ. ಮಣಿಕಟ್ಟಿಗೆ ಹಚ್ಚಿ ಉಜ್ಜಲೂ ಬೇಡಿ. ಉಜ್ಜಿದರೆ ಘಮ ಒಡೆಯುತ್ತದೆ ಅನ್ನುವುದು ಸುಳ್ಳು, ಆದರೆ ಜಾಗ ಬಿಸಿಯಾಗಿ ಮೊದಲ ಘಮ ಬೇಗ ಹಾರುತ್ತದೆ. ಈ ಅತ್ತರಿನಲ್ಲಿ ನಮಗೆ ಬೇಕಾದದ್ದು ಆ ಮೊದಲ ಘಮವೇ.

ಕೊನೆಯ ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಅರ್ಧ ಸೀಸೆ ಹಳೆಯ ಅತ್ತರು ಸಿಕ್ಕಿದೆ. ಬಣ್ಣ ಕಡುವಾಗಿದೆ. ಹಚ್ಚಬಹುದಾ?

ಉತ್ತರ: ಮೊದಲು ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ರಾತ್ರಿ ಪೂರ್ತಿ ಬಿಡಿ. ಗಂಧ, ಖಸ್, ಊದ್ ಇರುವ ಅತ್ತರಿನ ಘಮ ವರ್ಷ ಕಳೆದಂತೆ ಇನ್ನೂ ಮೆತ್ತಗಾಗುತ್ತದೆ, ಬಣ್ಣ ಕಡುವಾದರೆ ಹೆದರಬೇಡಿ. ನಿಂಬೆ, ಕಿತ್ತಳೆ ಕಡೆಯದಾದರೆ ಗಾಳಿ ತಾಗಿ ಕೆಟ್ಟಿರುತ್ತದೆ, ಚರ್ಮಕ್ಕೂ ತೊಂದರೆ. ಬೆಳಿಗ್ಗೆ ಆ ಪಟ್ಟಿ ಕಮಟು ಎಣ್ಣೆಯ ಹಾಗೆ ನಾರಿದರೆ ಬಿಟ್ಟುಬಿಡಿ. ಘಮ ಚೆನ್ನಾಗಿದ್ದರೆ ಮೊಣಕೈಗೆ ಹಚ್ಚಿ ಎರಡು ದಿನ ನೋಡಿ, ಆಮೇಲೆ ಹಾಕಿಕೊಳ್ಳಿ. ಅರ್ಧ ಸೀಸೆ ಅಂದಿರಿ, ಮೇಲಿನ ಅರ್ಧದಲ್ಲಿ ಗಾಳಿ ಇದೆ. ಅದನ್ನು ಕಂಠದ ತನಕ ತುಂಬುವ ಚಿಕ್ಕ ಗಾಜಿನ ಸೀಸೆಗೆ ಬದಲಾಯಿಸಿ, ಬಿಸಿಲು ತಾಗದ ಕಡೆ ಇಡಿ. ಪ್ಲಾಸ್ಟಿಕ್ ಬೇಡ. ಯಾವ ಅತ್ತರು ಅಂತ ಗೊತ್ತಾಗದಿದ್ದರೆ ಆ ಪಟ್ಟಿಯನ್ನು ಅಂಗಡಿಗೆ ತನ್ನಿ, ಇಬ್ಬರೂ ಕೂತು ಮೂಸಿ ನೋಡೋಣ.